ಗುಡಾರದ ಬದುಕಿನಲ್ಲಿ ದೇವರು: ಅಬ್ರಹಾಮನ ಮನೆತನದ ದಿನನಿತ್ಯದ ಭಕ್ತಿಯ ಕುರಿತು ಚರ್ಚೆ

ಚರ್ಚೆಯನ್ನು ಆರಂಭಿಸಿದವರು

ಬಳಗದ ಎಲ್ಲರಿಗೂ ನಮಸ್ಕಾರ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 12ನೆಯ ಅಧ್ಯಾಯದಿಂದ ಕೊನೆಯವರೆಗೆ ಒಂದೇ ಮನೆತನದ ಕಥೆಯಿದೆ. ಅಬ್ರಹಾಮ, ಅವನ ಮಗ ಇಸಾಕ, ಮೊಮ್ಮಗ ಯಾಕೋಬ, ಯಾಕೋಬನ ಮಕ್ಕಳು. ಅವರೊಡನೆ ಅಬ್ರಹಾಮನ ಹೆಂಡತಿ ಸಾರಾ, ಅವಳ ದಾಸಿ ಹಾಗರ್, ಇಸಾಕನ ಹೆಂಡತಿ ರೆಬೆಕ್ಕ, ಯಾಕೋಬನ ಹೆಂಡತಿಯರಾದ ಲೇಯಾ, ರಾಹೇಲ್. ಕುರಿ, ಆಡು, ಕತ್ತೆಗಳನ್ನು ಹೊಡೆದುಕೊಂಡು ಖಾರಾನಿನಿಂದ ಕಾನಾನಿಗೆ (ಇಂದಿನ ಇಸ್ರೇಲ್, ಪ್ಯಾಲೆಸ್ಟೈನ್ ಸೀಮೆಗೆ), ಬರ ಬಂದಾಗ ಐಗುಪ್ತಕ್ಕೆ (ಈಜಿಪ್ಟಿಗೆ), ಅಲ್ಲಿಂದ ಮತ್ತೆ ದಕ್ಷಿಣದ ಒಣಸೀಮೆಗೆ ಗುಡಾರ ಕಿತ್ತು ನಡೆದ ಜನ ಇವರು. ವಾಗ್ದಾನ, ಒಡಂಬಡಿಕೆ, ಮಗ ಇಸಾಕನನ್ನು ಬಲಿಕೊಡೆಂದು ದೇವರು ಅಬ್ರಹಾಮನಿಗೆ ಒಡ್ಡಿದ ಮೋರೀಯ ಬೆಟ್ಟದ ಪರೀಕ್ಷೆ ಮುಂತಾದ ದೊಡ್ಡ ಸಂಗತಿಗಳ ಬಗ್ಗೆ ನಾವು ಬಹಳಷ್ಟು ಕೇಳಿದ್ದೇವೆ. ಇಲ್ಲಿ ನಾನು ಎತ್ತಬಯಸುವ ಪ್ರಶ್ನೆ ಬೇರೆ. ದೇವಾಲಯವಿಲ್ಲದ, ತಮ್ಮದೇ ಆದ ಪುರೋಹಿತರಿಲ್ಲದ, ಬರೆದಿಟ್ಟ ಶಾಸ್ತ್ರವಿಲ್ಲದ, ಇಂಥ ದಿನ ಇಂಥ ಹಬ್ಬವೆಂಬ ಕಟ್ಟಳೆಯೂ ಕಾಣಿಸದ ಈ ಮನೆಯಲ್ಲಿ ಭಕ್ತಿ ಯಾವ ರೂಪದಲ್ಲಿತ್ತು?

ನನ್ನ ಉತ್ತರಕ್ಕೆ ಆಧಾರವಾಗಿರುವುದು 26ನೆಯ ಅಧ್ಯಾಯದ ಒಂದು ವಚನ. ಬೇರ್ಷೆಬಕ್ಕೆ ಬಂದ ಇಸಾಕ ಅಲ್ಲಿ ಯಜ್ಞವೇದಿ ಕಟ್ಟಿ ದೇವರ ಹೆಸರೆತ್ತಿ ಪ್ರಾರ್ಥಿಸುತ್ತಾನೆ, ಗುಡಾರ ಹಾಕುತ್ತಾನೆ, ಅವನ ಆಳುಗಳು ಬಾವಿ ತೋಡುತ್ತಾರೆ. ವೇದಿ, ಮನೆ, ನೀರು ಈ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಬೇರ್ಷೆಬದಲ್ಲಿ ವರ್ಷಕ್ಕೆ ಬೀಳುವ ಮಳೆ ಇಂದಿಗೂ ಸುಮಾರು 200 ಮಿಲಿಮೀಟರ್, ಅದೂ ಚಳಿಗಾಲದ ಕೆಲವೇ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಅಲ್ಲಿ ಬಾವಿಯಿಲ್ಲದೆ ಹಿಂಡೂ ಉಳಿಯದು, ಮಕ್ಕಳೂ ಉಳಿಯರು. ಅದೇ ಅಧ್ಯಾಯದಲ್ಲಿ ಗೆರಾರಿನ ಕುರುಬರು ಇಸಾಕನ ಆಳುಗಳು ತೋಡಿದ ಬಾವಿಗಾಗಿ ಜಗಳ ತೆಗೆಯುತ್ತಾರೆ. ಅವನು ಬಿಟ್ಟುಕೊಟ್ಟು ಇನ್ನೊಂದನ್ನು ತೋಡಿಸುತ್ತಾನೆ. ಅದಕ್ಕೂ ಜಗಳವಾದಾಗ ಮೂರನೆಯದನ್ನು ತೋಡಿಸುತ್ತಾನೆ. ಜಗಳವಿಲ್ಲದೆ ದಕ್ಕಿದ ಆ ಮೂರನೆಯ ಬಾವಿಯ ಬಳಿ ನಿಂತು, ನಮಗೆ ಜಾಗ ಕೊಟ್ಟವನು ದೇವರೇ ಎನ್ನುತ್ತಾನೆ. ಇಸಾಕನ ಬಗ್ಗೆ ಆದಿಕಾಂಡ ಹೇಳುವುದು ಅಬ್ರಹಾಮ, ಯಾಕೋಬರಿಗಿಂತ ಬಹಳ ಕಡಿಮೆ. ಅದರಲ್ಲಿ ಇಷ್ಟೊಂದು ಪಾಲು ಬಾವಿ ತೋಡುವುದಕ್ಕೆ ಸಂದಿದೆ ಎಂಬುದನ್ನು ನಾವು ಲಘುವಾಗಿ ಕಾಣಬಾರದು ಎಂದು ನನ್ನ ಭಾವನೆ.

ಇನ್ನು ಪ್ರಾರ್ಥನೆಯ ವಿಷಯ. ಬೇತೇಲಿನಲ್ಲಿ ಕಲ್ಲನ್ನೇ ದಿಂಬಾಗಿಸಿ ಮಲಗಿದ ಯಾಕೋಬ ಮಹಾದರ್ಶನವನ್ನು ಕಾಣುತ್ತಾನೆ; ಆದರೆ ಬೆಳಗ್ಗೆ ಎದ್ದು ಆ ಕಲ್ಲಿನ ಮೇಲೆ ಎಣ್ಣೆ ಹೊಯ್ದು ಹರಕೆ ಹೊರುವಾಗ ಅವನು ಕೇಳುವುದು ಉಣ್ಣಲು ರೊಟ್ಟಿ, ಉಡಲು ಬಟ್ಟೆ, ಸುಖವಾಗಿ ತಂದೆಯ ಮನೆಗೆ ಮರಳುವ ದಾರಿ. ಅಬ್ರಹಾಮನ ಆಳು ಇಸಾಕನಿಗೆ ಹೆಣ್ಣು ಹುಡುಕಲು ಹೋಗಿ ಬಾವಿಯ ಬಳಿ ನಿಂತು ಕೇಳುವುದು ಆಕಾಶದ ಅದ್ಭುತವನ್ನಲ್ಲ; ನೀರು ಕೇಳಿದವನಿಗೆ ಕೊಟ್ಟು, ಒಂಟೆಗಳಿಗೂ ಸೇದಿ ಹಾಕುತ್ತೇನೆ ಎನ್ನುವ ಹುಡುಗಿಯನ್ನು. ಬಾಯಾರಿದ ಒಂದು ಒಂಟೆ ಒಮ್ಮೆಗೆ ಸುಮಾರು 100 ಲೀಟರ್‌ವರೆಗೆ ಕುಡಿಯಬಲ್ಲದು, ಅವನ ಬಳಿ ಹತ್ತು ಒಂಟೆಗಳಿದ್ದವು. ರೆಬೆಕ್ಕ ಹೆಗಲ ಮೇಲಿನ ಕೊಡ ಇಳಿಸಿ, ತೊಟ್ಟಿಗೂ ಬಾವಿಗೂ ನಡುವೆ ಓಡಾಡಿದಳೆಂದು ಕಥೆ ಹೇಳುತ್ತದೆ. ಆಳಿನ ಪ್ರಾರ್ಥನೆಗೆ ಉತ್ತರ ಬಂದದ್ದು ಒಬ್ಬ ಹುಡುಗಿಯ ರಟ್ಟೆಯ ದುಡಿಮೆಯಾಗಿ. ಮನೆಗೆಲಸದೊಳಗೇ ಬೆರೆತುಹೋದ ಈ ಬಗೆಯ ಭಕ್ತಿಯೇ ಆ ಕುಟುಂಬದ ನಿಜವಾದ ಧರ್ಮವಾಗಿತ್ತು ಎಂಬುದು ನನ್ನ ವಾದ. ತಮ್ಮೆಲ್ಲರ ಅಭಿಪ್ರಾಯವನ್ನು ಎದುರುನೋಡುತ್ತೇನೆ.

ಪ್ರತಿಕ್ರಿಯೆ: ಇತಿಹಾಸದ ಅಧ್ಯಾಪಕರೊಬ್ಬರಿಂದ

ಪ್ರಶ್ನೆ ಬಹಳ ಚೆನ್ನಾಗಿದೆ. ಒಂದು ಎಚ್ಚರಿಕೆಯನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಆದಿಕಾಂಡ ಇಂದಿನ ರೂಪಕ್ಕೆ ಬಂದದ್ದು ಅದರ ಕಥೆಗಳ ಕಾಲಕ್ಕಿಂತ ಎಷ್ಟೋ ಶತಮಾನಗಳ ಅನಂತರ, ಕ್ರಿಸ್ತಪೂರ್ವ ಮೊದಲ ಸಹಸ್ರಮಾನದಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಮತ. ತಾವು ಹೇಳಿದ ಒಂಟೆಗಳನ್ನೇ ತೆಗೆದುಕೊಳ್ಳೋಣ. ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಅರಾವಾ ಕಣಿವೆಯ ತಾಮ್ರದ ಗಣಿಗಳಲ್ಲಿ ಸಿಕ್ಕ ಎಲುಬುಗಳನ್ನು ಪರೀಕ್ಷಿಸಿ, ಆ ಸೀಮೆಯಲ್ಲಿ ಸಾಕಿದ ಒಂಟೆಗಳ ಬಳಕೆ ಆರಂಭವಾದದ್ದು ಕ್ರಿಸ್ತಪೂರ್ವ ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಎಂದು ತೋರಿಸಿದ್ದಾರೆ. ಅಬ್ರಹಾಮನ ಕಾಲವೆಂದು ಸಾಮಾನ್ಯವಾಗಿ ಹೇಳುವ ಕಾಲಕ್ಕೂ ಇದಕ್ಕೂ ಬಹಳ ಅಂತರವಿದೆ. ಹಾಗಾಗಿ ಈ ಕಥೆಗಳನ್ನು ಅಂದಿನ ದಿನಚರಿ ಎಂದು ಓದಲಾಗದು. ತಮ್ಮ ಪೂರ್ವಿಕರನ್ನು ಮುಂದಿನ ತಲೆಮಾರು ನೆನೆದುಕೊಂಡ ಬಗೆ ಎಂದು ಓದಬೇಕು.

ಹಾಗೆಂದು ಇಂಥ ಜನರೇ ಇರಲಿಲ್ಲ ಎಂದಾಗುವುದಿಲ್ಲ. ಐಗುಪ್ತದ ಬೆನಿ ಹಸನ್ ಎಂಬಲ್ಲಿ, ಸುಮಾರು ಕ್ರಿಸ್ತಪೂರ್ವ 1890ರ ಸಮಾಧಿಯೊಂದರ ಗೋಡೆಯ ಮೇಲೆ, ಪೂರ್ವದಿಂದ ಬಂದ ಒಂದು ತಂಡದ ಚಿತ್ರವಿದೆ. ಬಣ್ಣಬಣ್ಣದ ಪಟ್ಟೆಗಳ ಉಡುಪು ತೊಟ್ಟ ಗಂಡಸರು, ಹೆಂಗಸರು, ಕತ್ತೆಯ ಬೆನ್ನಿನ ಮೇಲೆ ಕುಳಿತ ಮಕ್ಕಳು, ಒಬ್ಬನ ಕೈಯಲ್ಲಿ ತಂತಿವಾದ್ಯ. ಇಡೀ ಕುಟುಂಬವೇ ನಡೆದು ಬಂದಂತಿದೆ. ಯೂಫ್ರೆಟಿಸ್ ದಂಡೆಯ ಮಾರಿ ಪಟ್ಟಣದಲ್ಲಿ ಸಿಕ್ಕ ಕ್ರಿಸ್ತಪೂರ್ವ ಹದಿನೆಂಟನೆಯ ಶತಮಾನದ ಜೇಡಿಮಣ್ಣಿನ ಹಲಗೆಗಳಲ್ಲಿಯೂ ಹಿಂಡು ಮೇಯಿಸುವ ಕುಲಗಳ ಮಾತು ಮತ್ತೆ ಮತ್ತೆ ಬರುತ್ತದೆ. ಆ ಜನ ಊರುಗಳಿಂದ ದೂರವಿದ್ದವರಲ್ಲ. ಕಾಳು ಕೊಳ್ಳುತ್ತಿದ್ದರು, ಉಣ್ಣೆ ಮಾರುತ್ತಿದ್ದರು, ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಇಸಾಕ ಗೆರಾರಿನ ಸೀಮೆಯಲ್ಲಿ ಬಿತ್ತನೆ ಮಾಡಿ ಬೆಳೆ ತೆಗೆದನೆಂದು 26ನೆಯ ಅಧ್ಯಾಯವೇ ಹೇಳುತ್ತದಲ್ಲ.

ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಈ ಕಥೆಗಳನ್ನು ಬರೆದಿಟ್ಟವರಿಗೆ ಯೆರೂಸಲೇಮಿನ ದೇವಾಲಯ ಗೊತ್ತಿತ್ತು, ಯಾಜಕರು ಗೊತ್ತಿದ್ದರು, ಯಜ್ಞದ ವಿಧಿಗಳು ಗೊತ್ತಿದ್ದವು. ಆದರೂ ತಮ್ಮ ಮೂಲಪುರುಷರು ಓಕ್ ಮರದ ಕೆಳಗೆ ಕಲ್ಲು ಜೋಡಿಸಿ, ಯಾಜಕನ ನೆರವಿಲ್ಲದೆ, ದೇವರನ್ನು ಕೂಗಿದರೆಂದು ಅವರು ಅಳುಕಿಲ್ಲದೆ ಬರೆದರು. ಕಂಬದಂತೆ ಕಲ್ಲು ನಿಲ್ಲಿಸುವುದನ್ನು ಮುಂದೆ ಬೈಬಲಿನ ಐದನೆಯ ಪುಸ್ತಕವಾದ ಧರ್ಮೋಪದೇಶಕಾಂಡ ನಿಷೇಧಿಸುತ್ತದೆ. ಯಾಕೋಬ ಬೇತೇಲಿನಲ್ಲಿ ಮಾಡಿದ್ದು ಅದನ್ನೇ. ಅಳಿಸದೆ ಉಳಿಸಿಕೊಂಡಿದ್ದಾರೆ ಎಂದರೆ ಆ ನೆನಪಿಗೆ ಅವರು ಕೊಟ್ಟ ಬೆಲೆ ದೊಡ್ಡದು.

ಪ್ರತಿಕ್ರಿಯೆ: ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಬೈಬಲ್ ಓದುವ ಗೃಹಿಣಿಯಿಂದ

ಮಾನ್ಯರೇ, ತಾವಿಬ್ಬರೂ ವೇದಿ ಕಟ್ಟಿದವರ ಬಗ್ಗೆ ಬರೆದಿರಿ. ವೇದಿ ಕಟ್ಟಿದವರೆಲ್ಲ ಗಂಡಸರೇ. ಆದರೆ ಈ ಮನೆತನದಲ್ಲಿ ದೇವರೊಡನೆ ನೇರವಾಗಿ ಮಾತಾಡಿದ ಹೆಂಗಸರಿದ್ದಾರೆ, ಅವರಿಗೆ ವೇದಿಯೂ ಬೇಕಾಗಲಿಲ್ಲ.

ರೆಬೆಕ್ಕನ ಬಸಿರಿನಲ್ಲಿ ಅವಳಿಮಕ್ಕಳು ಒಂದನ್ನೊಂದು ನೂಕಾಡಿದಾಗ ಅವಳು ಕಂಗಾಲಾಗಿ, ಹೀಗಾದರೆ ನಾನೇಕೆ ಬದುಕಬೇಕು ಎಂದು ನೊಂದು, ದೇವರನ್ನು ವಿಚಾರಿಸಲು ಹೋಗುತ್ತಾಳೆ. ಗಂಡನನ್ನು ಕಳುಹಿಸುವುದಿಲ್ಲ, ತಾನೇ ಹೋಗುತ್ತಾಳೆ. ಉತ್ತರವೂ ಅವಳಿಗೇ ಬರುತ್ತದೆ. ಹಿರಿಯವನು ಕಿರಿಯವನಿಗೆ ಸೇವೆ ಮಾಡುವನೆಂಬ ಆ ಮಾತನ್ನು ಅವಳು ಇಸಾಕನಿಗೆ ತಿಳಿಸಿದಳೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಮುಂದೆ ಅವಳು ಯಾಕೋಬನ ಕೈಗೆ ಆಡಿನ ಚರ್ಮ ಸುತ್ತಿ, ಹಿರಿಯ ಮಗನಿಗೆ ಸಲ್ಲಬೇಕಿದ್ದ ಆಶೀರ್ವಾದ ಪಡೆಯಲು ಕಣ್ಣು ಮಂಜಾದ ಗಂಡನ ಬಳಿಗೆ ಕಳುಹಿಸಿದ್ದನ್ನು ಬರೀ ಮೋಸ ಎನ್ನುವವರು ಬಸುರಿಯಾಗಿದ್ದಾಗ ಅವಳು ಕೇಳಿಸಿಕೊಂಡ ಮಾತನ್ನು ಮರೆಯುತ್ತಾರೆ. ಮೋಸವಲ್ಲವೆಂದು ನಾನು ಹೇಳುತ್ತಿಲ್ಲ. ಅವಳು ಅದನ್ನು ವಿಶ್ವಾಸದಿಂದಲೇ ಮಾಡಿದಳೆಂದು ನಾನು ನಂಬುತ್ತೇನೆ; ಆ ವಿಶ್ವಾಸಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ, ಏಕೆಂದರೆ ಊರುಬಿಟ್ಟು ಹೋದ ಯಾಕೋಬನನ್ನು ಅವಳು ಮತ್ತೆ ಕಂಡಳೆಂಬ ಮಾತು ಕಥೆಯಲ್ಲಿಲ್ಲ.

ಲೇಯಾಳ ಹೆರಿಗೆಗಳನ್ನು ಓದಿ ನೋಡಿ. ಗಂಡನಿಗೆ ಬೇಡವಾದ ಹೆಂಡತಿ ಅವಳು. ಮೊದಲ ಮಗ ರೂಬೇನ್ ಹುಟ್ಟಿದಾಗ, ದೇವರು ನನ್ನ ಕಷ್ಟವನ್ನು ನೋಡಿದನು, ಇನ್ನು ಗಂಡ ನನ್ನನ್ನು ಪ್ರೀತಿಸುವನು ಎನ್ನುತ್ತಾಳೆ. ಎರಡನೆಯ ಸಲ ಸಿಮೆಯೋನ್ ಹುಟ್ಟಿದಾಗ ದೇವರು ನನ್ನ ಮೊರೆ ಕೇಳಿದನು ಎನ್ನುತ್ತಾಳೆ. ಮೂರನೆಯವನು ಲೇವಿ, ಈಗಲಾದರೂ ಗಂಡ ನನ್ನೊಡನೆ ಕೂಡಿಕೊಂಡಾನು ಎಂಬ ಆಸೆ. ನಾಲ್ಕನೆಯವನು ಯೆಹೂದ ಹುಟ್ಟಿದಾಗ ಗಂಡನ ಮಾತೇ ಇಲ್ಲ, ಈ ಸಾರಿ ದೇವರನ್ನು ಸ್ತುತಿಸುತ್ತೇನೆ ಎಂದಷ್ಟೇ ಹೇಳುತ್ತಾಳೆ. ಹೆತ್ತ ಮೈಯಲ್ಲಿ ಮಗುವನ್ನು ಎತ್ತಿಕೊಂಡು ಹೆಸರಿಡುತ್ತಾ ಹೇಳಿದ ಈ ನಾಲ್ಕು ಮಾತುಗಳು ಅವಳ ಪ್ರಾರ್ಥನೆಗಳು. ಬಾಣಂತಿಯ ಗುಡಾರದಲ್ಲಿ ಇದ್ದ ಭಕ್ತಿಯನ್ನು ಇಷ್ಟು ಹತ್ತಿರದಿಂದ ತೋರಿಸುವ ಭಾಗ ಆದಿಕಾಂಡದಲ್ಲಿ ಇನ್ನೊಂದಿಲ್ಲ.

ಇನ್ನೊಬ್ಬಳನ್ನು ಹೆಸರಿಸದೆ ಇರಲಾರೆ. ರೆಬೆಕ್ಕ ತವರು ಬಿಟ್ಟು ಹೊರಟಾಗ ಅವಳೊಡನೆ ದಾದಿಯೂ ಬಂದಳೆಂದು 24ನೆಯ ಅಧ್ಯಾಯ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಹೆಸರು ಬರುವುದು 35ನೆಯ ಅಧ್ಯಾಯದಲ್ಲಿ, ಆ ದೆಬೋರಳು ಸತ್ತಾಗ. ಬೇತೇಲಿನ ಕೆಳಗೆ ಓಕ್ ಮರದ ಬುಡದಲ್ಲಿ ಅವಳನ್ನು ಹೂಳಿ, ಆ ಮರಕ್ಕೆ ಅಳುವಿನ ಮರವೆಂದು ಹೆಸರಿಟ್ಟರು. ರೆಬೆಕ್ಕ ಸತ್ತದ್ದನ್ನು ಕಥೆ ಪ್ರತ್ಯೇಕವಾಗಿ ಹೇಳದಿದ್ದರೂ ಅವಳನ್ನು ಸಾಕಿದ ದಾದಿಯ ಸಾವನ್ನು ಹೇಳಿದೆ.

ಪ್ರತಿಕ್ರಿಯೆ: ಮುಸ್ಲಿಂ ಓದುಗರೊಬ್ಬರಿಂದ

ಸೋದರಿಯವರು ಹೆಂಗಸರ ಮಾತೆತ್ತಿದ್ದು ಸಂತೋಷ. ನಮ್ಮಲ್ಲಿ ಹಾಜಿರಾ ಎಂದು ಗೌರವದಿಂದ ಕರೆಯುವ ಹಾಗರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪ್ರವಾದಿ ಮುಹಮ್ಮದರ ನುಡಿನಡೆಗಳ ದಾಖಲೆಯಾದ ಹದೀಸ್ ಪರಂಪರೆಯ ಪ್ರಕಾರ ಇಬ್ರಾಹೀಮರು ಅವರನ್ನೂ ಹಸುಗೂಸು ಇಸ್ಮಾಯೀಲರನ್ನೂ ಮಕ್ಕಾದ ಬರಡು ಕಣಿವೆಯಲ್ಲಿ ಬಿಟ್ಟು ಹೊರಟಾಗ, ಇದು ಅಲ್ಲಾಹನ ಆಜ್ಞೆಯೇ ಎಂದು ಹಾಜಿರಾ ಕೇಳುತ್ತಾರೆ; ಹೌದೆಂದಾಗ, ಹಾಗಾದರೆ ಅವನು ನಮ್ಮನ್ನು ಕೈಬಿಡುವುದಿಲ್ಲ ಎನ್ನುತ್ತಾರೆ. ತೊಗಲಚೀಲದ ನೀರು ಮುಗಿದ ಮೇಲೆ ಅವರು ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಬಾರಿ ಓಡುತ್ತಾರೆ, ಆಮೇಲೆ ಝಮ್‌ಝಮ್ ಒರತೆ ಚಿಮ್ಮುತ್ತದೆ. ಹಜ್ ಮತ್ತು ಉಮ್ರಾ ಯಾತ್ರೆಗೆ ಹೋದವರು, ಗಂಡಸರಾಗಲಿ ಹೆಂಗಸರಾಗಲಿ, ಇಂದಿಗೂ ಆ ಎರಡು ಗುಡ್ಡಗಳ ನಡುವೆ ಏಳು ಬಾರಿ ನಡೆಯಲೇಬೇಕು. ಕರ್ನಾಟಕದಿಂದ ಹೋಗುವ ಯಾತ್ರಿಕರೂ ನಡೆಯುತ್ತಾರೆ. ನೀರಿಗಾಗಿ ತಾಯಿಯೊಬ್ಬಳು ಓಡಿದ ಓಟವೇ ಆರಾಧನೆಯ ವಿಧಿಯಾಯಿತು. ಮನೆವಾರ್ತೆಯ ದುಡಿಮೆಯೇ ಭಕ್ತಿ ಎಂಬ ತಮ್ಮ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ನನಗೆ ಕಾಣುವುದಿಲ್ಲ.

ಪ್ರತಿಕ್ರಿಯೆ: ಮೊದಲ ಬಾರಿಗೆ ಬರೆಯುತ್ತಿರುವ ಸದಸ್ಯರಿಂದ

ಎಲ್ಲರ ಮಾತನ್ನೂ ಗೌರವದಿಂದ ಓದಿದ್ದೇನೆ, ಆದರೆ ಪೂರ್ತಿ ಒಪ್ಪಲಾರೆ. ಹಾಗರ್ ಆದಿಕಾಂಡದಲ್ಲಿ ದಾಸಿ. ಅವಳನ್ನು ಗಂಡನಿಗೆ ಕೊಟ್ಟವಳು ಸಾರಾ, ಬಸುರಿಯಾದಾಗ ಕಾಡಿದವಳು ಸಾರಾ, ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಕೊಟ್ಟು ಮಗನ ಸಮೇತ ಕಳುಹಿಸಿಬಿಟ್ಟವನು ಅಬ್ರಹಾಮ. ಯಾಕೋಬನ ಮನೆಯ ಬಿಲ್ಹಾ, ಜಿಲ್ಪಾ ಎಂಬ ದಾಸಿಯರು ನಾಲ್ಕು ಗಂಡುಮಕ್ಕಳನ್ನು ಹೆತ್ತರು. ಅವರ ಬಾಯಿಂದ ಒಂದು ಮಾತೂ ದಾಖಲಾಗಿಲ್ಲ, ಹೆತ್ತ ಮಕ್ಕಳಿಗೆ ಹೆಸರಿಟ್ಟವರೂ ಅವರ ಒಡತಿಯರೇ. ಲೇಯಾಳ ಪ್ರಾರ್ಥನೆ ನಮಗೆ ಕೇಳಿಸುತ್ತದೆ, ಜಿಲ್ಪಾಳದು ಕೇಳಿಸುವುದಿಲ್ಲ. ಮೋರೀಯ ಬೆಟ್ಟದ ಕಥೆಯ ಅನಂತರ ಅಬ್ರಹಾಮ ಮತ್ತು ಇಸಾಕ ಪರಸ್ಪರ ಮಾತಾಡಿದ ಒಂದು ಸಂದರ್ಭವೂ ಇಲ್ಲ. ಇಂಥ ಮನೆಯನ್ನು ದಿನನಿತ್ಯದ ಭಕ್ತಿಯ ಮಾದರಿಯೆಂದು ಎತ್ತಿಹಿಡಿಯುವಾಗ ಈ ನೋವು ಮರೆಯಾಗಬಾರದು.

ಚರ್ಚೆಯನ್ನು ಆರಂಭಿಸಿದವರು

ತಾವು ಹೇಳಿದ್ದು ನ್ಯಾಯವಾದ ಮಾತು. ಬಿಲ್ಹಾ, ಜಿಲ್ಪಾರ ಬಗ್ಗೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಆದರೆ ಈ ಮನೆಯನ್ನು ನಾನು ಪ್ರೀತಿಸುವುದು ಅದು ನೆಮ್ಮದಿಯ ಮನೆಯೆಂದಲ್ಲ. ಹಾಗರ್ ವಿಷಯವನ್ನೇ ನೋಡೋಣ. ಸಾರಾಳ ಕಾಟಕ್ಕೆ ಓಡಿಹೋಗಿ, ಶೂರಿಗೆ ಹೋಗುವ ದಾರಿಯ ಒರತೆಯ ಬಳಿ ಕುಳಿತ ಈ ದಾಸಿಯನ್ನು ದೇವದೂತ ಹುಡುಕಿಕೊಂಡು ಬರುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ. ಕಥೆಯಲ್ಲಿ ಅಲ್ಲಿಯವರೆಗೆ ಅಬ್ರಹಾಮನಾಗಲಿ ಸಾರಾಳಾಗಲಿ ಅವಳನ್ನು ಹೆಸರಿನಿಂದ ಕರೆದಿಲ್ಲ. ಅವರ ಬಾಯಲ್ಲಿ ಅವಳು ದಾಸಿ ಮಾತ್ರ. ಅವಳು ಪ್ರತಿಯಾಗಿ ದೇವರಿಗೇ ಹೆಸರಿಡುತ್ತಾಳೆ, ನನ್ನನ್ನು ನೋಡುವ ದೇವರು ಎಂದು. ಆ ಬಾವಿಯ ಹೆಸರು ಬೇರ್‌ಲಹೈರೋಯಿ.

ಇನ್ನು ಇಸಾಕ. ರೆಬೆಕ್ಕ ಒಂಟೆಯ ಮೇಲೆ ಬರುವ ಸಂಜೆ ಅವನು ಬೇರ್‌ಲಹೈರೋಯಿಯ ಕಡೆಯಿಂದ ಬಂದಿದ್ದನೆಂದು 24ನೆಯ ಅಧ್ಯಾಯ ಹೇಳುತ್ತದೆ. ತಂದೆ ಸತ್ತ ಮೇಲೆ ಅವನು ಅದರ ಹತ್ತಿರವೇ ವಾಸಮಾಡಿದನೆಂದು 25ನೆಯ ಅಧ್ಯಾಯ ಹೇಳುತ್ತದೆ. ತಂದೆಯ ಶವಕ್ಕೆ ಮಣ್ಣು ಕೊಟ್ಟವರು ಇಸಾಕ ಮತ್ತು ಹಾಗರಳ ಮಗ ಇಷ್ಮಾಯೇಲ ಇಬ್ಬರೂ ಸೇರಿ. ತನ್ನ ತಾಯಿ ಹೊರಹಾಕಿಸಿದ ಹೆಂಗಸು ದೇವರನ್ನು ಕಂಡ ನೀರಿನ ಬಳಿ ಮಗ ಮನೆ ಮಾಡಿದನಲ್ಲ, ಅದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ. ಬರೆದವರು ಇದಕ್ಕೆ ವಿವರಣೆ ಕೊಟ್ಟಿಲ್ಲ. ಎರಡು ಸಲ ಜಾಗದ ಹೆಸರು ಹೇಳಿ ಮುಂದೆ ಹೋಗಿದ್ದಾರೆ.

ಪ್ರತಿಕ್ರಿಯೆ: ಇತಿಹಾಸದ ಅಧ್ಯಾಪಕರು ಮತ್ತೆ

ಚರ್ಚೆ ಒಬ್ಬ ದೇವರ ಭಕ್ತಿಯ ಸುತ್ತಲೇ ನಡೆಯುತ್ತಿದೆ. ಮನೆದೇವರ ವಿಗ್ರಹಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಾಕೋಬನ ಜೊತೆ ತವರು ಬಿಡುವಾಗ ರಾಹೇಲ್ ತಂದೆ ಲಾಬಾನನ ಮನೆಯ ವಿಗ್ರಹಗಳನ್ನು ಕದ್ದು ತರುತ್ತಾಳೆ. ಅವನು ಬೆನ್ನಟ್ಟಿ ಬಂದು ಗುಡಾರಗಳನ್ನೆಲ್ಲ ತಡಕಾಡುವಾಗ ಒಂಟೆಯ ತಡಿಯೊಳಗೆ ಅವುಗಳನ್ನಿಟ್ಟು ಮೇಲೆ ಕುಳಿತುಕೊಳ್ಳುತ್ತಾಳೆ. ಮುಟ್ಟಾಗಿದ್ದೇನೆ, ಏಳಲಾರೆ ಎಂದು ನೆಪ ಹೇಳುತ್ತಾಳೆ. ಆಸ್ತಿಯ ಹಕ್ಕಿಗಾಗಿ ಕದ್ದಳೆಂಬ ವಿವರಣೆಯೊಂದು ಉತ್ತರ ಮೆಸೊಪೊಟಾಮಿಯದ ನುಜಿ ಎಂಬಲ್ಲಿ ಸಿಕ್ಕ ಹಲಗೆಗಳ ಆಧಾರದಿಂದ ಬಹುಕಾಲ ಚಾಲ್ತಿಯಲ್ಲಿತ್ತು, ಈಗ ಅದನ್ನು ಅನೇಕರು ಒಪ್ಪುವುದಿಲ್ಲ. ಮಕ್ಕಳಾಗದೆ ವರ್ಷಗಟ್ಟಲೆ ಕೊರಗಿದ ಹೆಣ್ಣು, ಗುರುತಿಲ್ಲದ ಸೀಮೆಗೆ ಹೊರಟಾಗ, ಹುಟ್ಟಿದ ಮನೆಯ ರಕ್ಷಣೆಯನ್ನು ಜೊತೆಗೆ ಒಯ್ದಳು ಎಂಬ ಸರಳ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆ. ಮುಂದೆ ಯಾಕೋಬ ಮನೆಯವರ ಬಳಿಯಿದ್ದ ಅನ್ಯದೇವರುಗಳನ್ನೂ ಕಿವಿಯ ಮುರುವುಗಳನ್ನೂ ಕೇಳಿ ಪಡೆದು, ಶೆಕೆಮಿನ ಬಳಿಯ ಮರದ ಕೆಳಗೆ ಹೂಳುತ್ತಾನೆ. ಒಡೆದುಹಾಕಿದನೆಂದೋ ಸುಟ್ಟನೆಂದೋ ಇಲ್ಲ, ಹೂಳಿದನೆಂದಿದೆ. ಹೂಳುವಷ್ಟು ಸಂಖ್ಯೆಯಲ್ಲಿ ಅವು ಆ ಗುಡಾರಗಳಲ್ಲಿ ಅಲ್ಲಿಯವರೆಗೂ ಇದ್ದವು ಎಂಬುದು ಗಮನಿಸಬೇಕಾದ ವಿಷಯ.

ಪ್ರತಿಕ್ರಿಯೆ: ಯೆಹೂದಿ ಪರಂಪರೆಯನ್ನು ಅಭ್ಯಾಸ ಮಾಡುತ್ತಿರುವವರಿಂದ

ಇದೇ ಗುಡಾರಗಳನ್ನು ಮುಂದಿನ ಯೆಹೂದಿ ಗುರುಗಳು ಹೇಗೆ ಕಂಡರೆಂಬುದನ್ನು ಹೇಳುತ್ತೇನೆ. ತಾಯಿ ಸತ್ತ ಮೇಲೆ ಇಸಾಕ ರೆಬೆಕ್ಕಳನ್ನು ಸಾರಾಳ ಗುಡಾರಕ್ಕೆ ಕರೆತಂದನೆಂದು ಆದಿಕಾಂಡ ಹೇಳುತ್ತದೆ. ಸಾರಾ ಬದುಕಿದ್ದಾಗ ಆ ಗುಡಾರದಲ್ಲಿ ಒಂದು ಸಬ್ಬತ್ತಿನ (ಯೆಹೂದಿಗಳ ವಾರದ ವಿಶ್ರಾಂತಿ ದಿನದ) ಮುನ್ನಾ ಸಂಜೆಯಿಂದ ಇನ್ನೊಂದರವರೆಗೆ ದೀಪ ಉರಿಯುತ್ತಿತ್ತು, ನಾದಿದ ಹಿಟ್ಟಿನಲ್ಲಿ ಆಶೀರ್ವಾದವಿತ್ತು, ಮೇಲೆ ಮೋಡ ನಿಂತಿತ್ತು, ಬಾಗಿಲು ತೆರೆದೇ ಇತ್ತು. ಅವಳು ಸತ್ತಾಗ ನಿಂತುಹೋದ ಇವೆಲ್ಲ ರೆಬೆಕ್ಕ ಕಾಲಿಟ್ಟಾಗ ಮರಳಿದವು ಎಂದು ಮಿದ್ರಾಷ್ ಹೇಳುತ್ತದೆ. ಇದು ಆದಿಕಾಂಡದ ಮಾತಲ್ಲ, ಅದೆಷ್ಟೋ ಕಾಲದ ಮೇಲೆ ಬಂದ ವ್ಯಾಖ್ಯಾನ. ಆದರೆ ದೀಪ, ಹಿಟ್ಟು, ತೆರೆದ ಬಾಗಿಲು ಇವು ಮನೆಯೊಡತಿಯ ಕೈಯಲ್ಲಿರುವ ಸಂಗತಿಗಳು. ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಅಬ್ರಹಾಮನ ಗುಡಾರವಿದ್ದ ಮಮ್ರೆಗೆ ಬಂದ ಮೂವರು ಅಪರಿಚಿತರಿಗೆ ಸಾರಾ ನಾದಿದ ಹಿಟ್ಟು ಮೂರು ಸೆಯಾ, ಸುಮಾರು 20 ಲೀಟರ್ ಅಳತೆ. ಮೂವರಿಗೆ ಅಷ್ಟೊಂದು! ಆ ಅತಿಥಿಗಳು ಯಾರೆಂದು ಹಿಟ್ಟು ನಾದುವಾಗ ಅವಳಿಗೆ ಗೊತ್ತಿರಲಿಲ್ಲ.

ದಿನದ ಮೂರು ಪ್ರಾರ್ಥನೆಗಳಲ್ಲಿ ಮುಂಜಾನೆಯದನ್ನು ಅಬ್ರಹಾಮನಿಂದ, ಮಧ್ಯಾಹ್ನ ಕಳೆದ ಮೇಲಿನದನ್ನು ಇಸಾಕನಿಂದ, ರಾತ್ರಿಯದನ್ನು ಯಾಕೋಬನಿಂದ ಬಂದದ್ದೆಂದು ಯೆಹೂದಿ ಗುರುಗಳ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್ ವಿವರಿಸುತ್ತದೆ. ಇಸಾಕನ ಪ್ರಾರ್ಥನೆಗೆ ಆಧಾರ, ರೆಬೆಕ್ಕ ಬಂದ ಸಂಜೆ ಅವನು ಧ್ಯಾನಿಸಲು ಹೊಲಕ್ಕೆ ಹೋಗಿದ್ದನೆಂಬ ವಚನ.

ಪ್ರತಿಕ್ರಿಯೆ: ಗೃಹಿಣಿಯವರು ಮತ್ತೆ

ಒಂದು ಪ್ರಶ್ನೆ ಉಳಿದಿದೆ. ಶಾಸ್ತ್ರವಿಲ್ಲದ ಮನೆಯಲ್ಲಿ ಮಕ್ಕಳಿಗೆ ಇದನ್ನೆಲ್ಲ ಕಲಿಸಿದ್ದು ಹೇಗೆ?

ಚರ್ಚೆಯನ್ನು ಆರಂಭಿಸಿದವರು

ಪಾಠ ಹೇಳಿದ ದೃಶ್ಯ ಕಥೆಯಲ್ಲಿ ಇಲ್ಲ. ಅಬ್ರಹಾಮ ತನ್ನ ಮಕ್ಕಳಿಗೂ ಮನೆಯವರಿಗೂ ನ್ಯಾಯನೀತಿಗಳ ದಾರಿಯನ್ನು ಬೋಧಿಸಬೇಕೆಂದೇ ಅವನನ್ನು ಆರಿಸಿಕೊಂಡೆನೆಂದು 18ನೆಯ ಅಧ್ಯಾಯದಲ್ಲಿ ದೇವರು ಹೇಳುತ್ತಾನೆ, ವಿಧಾನ ಹೇಳುವುದಿಲ್ಲ. ಆದರೆ ಕೆಲವು ಸುಳಿವುಗಳಿವೆ. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ, ಮೊಲೆ ಬಿಡಿಸಿದ ದಿನ ಔತಣ. ದಾರಿಯಲ್ಲಿ ಸಿಗುವ ಕಲ್ಲಿನ ರಾಶಿ, ನಿಲ್ಲಿಸಿದ ಕಲ್ಲು, ಹೆಸರುಳ್ಳ ಬಾವಿ ಮತ್ತು ಮರ, ಇವೆಲ್ಲ ಹಿಂಡಿನೊಡನೆ ಮತ್ತೆ ಮತ್ತೆ ಹಾದುಹೋಗುವ ಮಕ್ಕಳು ಕೇಳಿಯೇ ಕೇಳುವಂಥವು. ಊಟದಲ್ಲಿಯೂ ಒಂದು ಗುರುತಿದೆ. ಯಬ್ಬೋಕ್ ಹೊಳೆಯ ದಡದಲ್ಲಿ ರಾತ್ರಿಯೆಲ್ಲ ಹೋರಾಡಿದ ಯಾಕೋಬನ ತೊಡೆಯ ಕೀಲು ತಪ್ಪಿತು. ಅದಕ್ಕಾಗಿ ಅವನ ವಂಶದವರಾದ ಇಸ್ರಾಯೇಲ್ಯರು ಪಶುವಿನ ತೊಡೆಯ ಕೀಲಿನ ಮೇಲಿರುವ ನರವನ್ನು ತಿನ್ನುವುದಿಲ್ಲ ಎಂದು 32ನೆಯ ಅಧ್ಯಾಯ ಹೇಳುತ್ತದೆ. ಧರ್ಮನಿಷ್ಠ ಯೆಹೂದಿಗಳು ಇಂದಿಗೂ ಆ ನರವನ್ನು ಬಿಡಿಸಿ ತೆಗೆಯದೆ ಆ ಭಾಗದ ಮಾಂಸ ತಿನ್ನುವುದಿಲ್ಲ. ಮಾಂಸ ಕೊಯ್ಯುವಾಗ ಕೇಳಿದ ಮಗುವಿಗೆ ಅಜ್ಜನ ಕುಂಟುನಡೆಯ ಕಥೆ ಹೇಳಲೇಬೇಕಾಗುತ್ತಿತ್ತು.

ಕಡೆಯದಾಗಿ ಆಶೀರ್ವಾದ. ಐಗುಪ್ತದಲ್ಲಿ ಮರಣಹಾಸಿಗೆಯ ಮೇಲಿದ್ದ ಯಾಕೋಬ ತನ್ನ ಮಗ ಯೋಸೇಫನ ಮಕ್ಕಳಾದ ಎಫ್ರಾಯೀಮ, ಮನಸ್ಸೆಯರನ್ನು ಹತ್ತಿರ ಕರೆದು ಮುದ್ದಿಟ್ಟು, ಕೈಗಳನ್ನು ಅಡ್ಡವಾಗಿ ಚಾಚಿ, ಬಲಗೈಯನ್ನು ಕಿರಿಯವನ ತಲೆಯ ಮೇಲಿಡುತ್ತಾನೆ. ಯೋಸೇಫ ತಡೆದರೂ ಕೇಳುವುದಿಲ್ಲ. ಹುಟ್ಟಿದಂದಿನಿಂದ ಈ ದಿನದವರೆಗೆ ನನ್ನನ್ನು ಕುರುಬನಂತೆ ಕಾಯ್ದ ದೇವರು ಎಂದು ಅವನು ಆಗ ಹೇಳುತ್ತಾನೆ. ಹಗಲ ಬಿಸಿಲಿಗೂ ಇರುಳ ಚಳಿಗೂ ಸಿಕ್ಕಿ, ನಿದ್ದೆಗೆಟ್ಟು 20 ವರ್ಷ ಲಾಬಾನನ ಹಿಂಡು ಕಾಯ್ದವನಿಗೆ ಆ ಕೆಲಸದ ಕಷ್ಟ ಚೆನ್ನಾಗಿ ಗೊತ್ತಿತ್ತು. ಯೆಹೂದಿ ಮನೆಗಳಲ್ಲಿ ಸಬ್ಬತ್ತಿನ ಮುನ್ನಾ ಸಂಜೆ ತಂದೆತಾಯಿಗಳು ಗಂಡುಮಕ್ಕಳ ತಲೆಯ ಮೇಲೆ ಕೈಯಿಟ್ಟು, ದೇವರು ನಿನ್ನನ್ನು ಎಫ್ರಾಯೀಮನಂತೆಯೂ ಮನಸ್ಸೆಯಂತೆಯೂ ಮಾಡಲಿ ಎಂದು ಇಂದಿಗೂ ಹರಸುತ್ತಾರೆ. ಹೆಣ್ಣುಮಕ್ಕಳನ್ನು ಹರಸುವಾಗ ಸಾರಾ, ರೆಬೆಕ್ಕ, ರಾಹೇಲ್, ಲೇಯಾ ಎಂದು ನಾಲ್ವರ ಹೆಸರನ್ನೂ ಹೇಳುತ್ತಾರೆ.